ಕಡಲಾಮೆ ಮೇಲಿನ ಪ್ರೀತಿ, ಅದರ ಖರ್ಚು ಯಾರ ತಲೆಗೆ?

(ಉತ್ತರ ಕನ್ನಡದ ಕರಾವಳಿಯಲ್ಲಿ ಹೋಮ್‌ಸ್ಟೇ ನಡೆಸುವವರು, ಬೋಟಿನವರು, ಗೈಡ್‌ಗಳು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪ್ರವಾಸಿ ತಾಣಗಳಲ್ಲಿ ಕಡಲ ಜೀವಿಗಳ ಬಗ್ಗೆ ಜನ ಏನು ಯೋಚಿಸುತ್ತಾರೆ ಅನ್ನುವುದು ಇವತ್ತಿನ ವಿಷಯ. ಇಂಥ ಮಾತು ಸಾಮಾನ್ಯವಾಗಿ ಶುರುವಾಗುವುದೇ 'ಜನರಿಗೆ ಅರಿವಿಲ್ಲ' ಅನ್ನುವ ದೂರಿನಿಂದ. ಆ ದೂರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗೋಕರ್ಣದ ಓಂ ಬೀಚಿನಲ್ಲಿ ನಿಂತು ಹತ್ತು ಜನರನ್ನು ಕೇಳಿ ನೋಡಿ, ಕಡಲಾಮೆ ಉಳಿಯಬೇಕಾ ಬೇಡವಾ ಎಂದು. ಯಾರೂ ಬೇಡ ಅನ್ನುವುದಿಲ್ಲ. ಡಾಲ್ಫಿನ್ ಕಂಡರೆ ಮುದುಕರೂ ಮಕ್ಕಳ ಹಾಗೆ ಕೂಗುತ್ತಾರೆ. ಪ್ರೀತಿ ಇದೆ, ಬೇಕಾದಷ್ಟಿದೆ.

ತಕರಾರು ಬರುವುದು ಆಮೇಲೆ. ಆ ಪ್ರೀತಿಗಾಗಿ ಯಾರೋ ಏನೋ ಕಳೆದುಕೊಳ್ಳಬೇಕು. ಒಬ್ಬರು ದೀಪ ಆರಿಸಬೇಕು. ಒಬ್ಬರು ಬಲೆ ಕತ್ತರಿಸಬೇಕು. ಒಬ್ಬರು ಬೋಟನ್ನು ದೂರದಲ್ಲೇ ನಿಲ್ಲಿಸಿ, 'ಹತ್ತಿರ ಹೋಗಿ ಅಣ್ಣಾ' ಅನ್ನುವ ಗಿರಾಕಿಯ ಮುನಿಸು ಸಹಿಸಬೇಕು. ಈ ಖರ್ಚು ಯಾರ ತಲೆಗೆ ಬೀಳುತ್ತದೆ? ಜನರ ಮನೋಭಾವ ನಿರ್ಧಾರವಾಗುವುದು ಅಲ್ಲಿ ಎಂದು ನನಗನ್ನಿಸುತ್ತದೆ. ಇವತ್ತು ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಮೊದಲು ಕಡಲಾಮೆ. ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ. ಕಡಲಾಮೆಗಳಲ್ಲಿ ಇದು ಸಣ್ಣ ಜಾತಿ. ಚಿಪ್ಪಿನ ಉದ್ದ ಸುಮಾರು ಎರಡು ಅಡಿ, ತೂಕ ನಲವತ್ತು ಕಿಲೋ ಆಚೀಚೆ. ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಇವು ಲಕ್ಷಗಟ್ಟಲೆ ಒಟ್ಟಿಗೆ ಬರುತ್ತವೆ. ನಮ್ಮಲ್ಲಿ ಹಾಗಲ್ಲ. ಒಂದೊಂದಾಗಿ, ಸದ್ದಿಲ್ಲದೆ ಬಂದು ಹೋಗುತ್ತವೆ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಸುತ್ತಮುತ್ತ ಗೂಡುಗಳು ಸಿಗುತ್ತವೆ. 2024ರ ಆರಂಭದಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ಕಡೆಗಳಲ್ಲೂ ಸಿಕ್ಕವು. ತಣ್ಣೀರುಬಾವಿ ಎಂದರೆ ಭಾನುವಾರ ಸಂಜೆ ಕಾಲಿಡಲು ಜಾಗ ಇಲ್ಲದ ಬೀಚು. ಅಲ್ಲೂ ಆಮೆ ಬಂದಿದೆ ನೋಡಿ.

ಈಗ ಕ್ಯಾಲೆಂಡರ್ ನೋಡೋಣ. ಆಮೆ ಮೊಟ್ಟೆ ಇಡುವ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮಾರ್ಚ್. ನಿಮ್ಮ ರೂಮುಗಳು ಭರ್ತಿ ಆಗುವ ಕಾಲ ಯಾವುದು? ಅದೇ. ಕ್ರಿಸ್‌ಮಸ್ ರಜೆ, ಹೊಸ ವರ್ಷ, ಸಂಕ್ರಾಂತಿ. ಇಬ್ಬರು ಅತಿಥಿಗಳೂ ಒಂದೇ ತಿಂಗಳಲ್ಲಿ, ಒಂದೇ ಹೊಯ್ಗೆಯ ಮೇಲೆ ಬರುತ್ತಾರೆ. ಒಬ್ಬರು ಮುಂಗಡ ಕೊಟ್ಟು ಬರುತ್ತಾರೆ, ಇನ್ನೊಬ್ಬರು ಕೊಡುವುದಿಲ್ಲ.

ಆಮೆ ದಡಕ್ಕೆ ಬರುವುದನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ನೋಡದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರಾತ್ರಿ, ಅಲೆ ಒಡೆಯುವ ಜಾಗದಲ್ಲಿ ಮೊದಲು ಬರೀ ಕಪ್ಪು ಆಕಾರ ಕಾಣುತ್ತದೆ. ಅದು ನಿಲ್ಲುತ್ತದೆ. ತಲೆ ಎತ್ತಿ ದಡ ನೋಡುತ್ತದೆ. ಈ ಹೊತ್ತಿನಲ್ಲಿ ಟಾರ್ಚ್ ಬೆಳಗಿದರೆ, ಯಾರಾದರೂ ಎದ್ದು ಓಡಾಡಿದರೆ, ಹಾಗೇ ತಿರುಗಿ ನೀರಿಗೆ ಹೋಗಿಬಿಡುತ್ತದೆ. ಎಲ್ಲ ಸರಿ ಇದ್ದರೆ ಮೇಲಕ್ಕೆ ತೆವಳುತ್ತದೆ. ಉಬ್ಬರದ ಗೆರೆ ದಾಟಿ, ಒಣ ಮರಳು ಸಿಕ್ಕಮೇಲೆ ಹಿಂದಿನ ಎರಡು ಕಾಲುಗಳಿಂದ ಅಗೆಯಲು ಶುರು ಮಾಡುತ್ತದೆ. ಒಂದು ಕಾಲು ಮರಳನ್ನು ಬಗೆದು ತೆಗೆಯುತ್ತದೆ, ಇನ್ನೊಂದು ಕಾಲು ಅಂಚಿನ ಮರಳನ್ನು ಆಚೆ ಎರಚುತ್ತದೆ. ಸರದಿಯ ಮೇಲೆ. ತಾನು ಅಗೆಯುತ್ತಿರುವ ಗುಂಡಿಯನ್ನು ಅದು ನೋಡುವುದೇ ಇಲ್ಲ. ಆದರೂ ಬಾಯಿ ಕಿರಿದು, ಹೊಟ್ಟೆ ಅಗಲ ಇರುವ, ಸುಮಾರು ಒಂದೂವರೆ ಅಡಿ ಆಳದ ಗುಂಡಿ ತಯಾರಾಗುತ್ತದೆ. ಅದರೊಳಗೆ ನೂರರ ಆಚೀಚೆ ಮೊಟ್ಟೆ. ಆಮೇಲೆ ಮರಳು ಮುಚ್ಚಿ, ಮೈಯನ್ನು ಎಡಕ್ಕೆ ಬಲಕ್ಕೆ ವಾಲಿಸಿ ಹೊಟ್ಟೆಯಿಂದ ಬಡಿದು ಬಡಿದು ಗಟ್ಟಿ ಮಾಡುತ್ತದೆ. ಆ ಸದ್ದು ಹತ್ತಿರ ಕೂತವರಿಗೆ ಕೇಳಿಸುತ್ತದೆ. ಎಲ್ಲ ಸೇರಿ ಒಂದು ತಾಸಿನ ಕೆಲಸ. ಕಣ್ಣಿನಿಂದ ನೀರು ಇಳಿಯುತ್ತಿರುತ್ತದೆ. ಅದು ಮೈಯೊಳಗಿನ ಹೆಚ್ಚುವರಿ ಉಪ್ಪು ಹೊರಹಾಕುವ ಗ್ರಂಥಿಯ ನೀರು.

ಸುಮಾರು ಐವತ್ತು ದಿನ ಕಳೆದ ಮೇಲೆ ಅಲ್ಲಿನ ಮರಳು ಸ್ವಲ್ಪ ಕುಸಿಯುತ್ತದೆ. ಕುಸಿದ ಜಾಗದಿಂದ ಒಂದು ಕರಿ ಮೂತಿ ಹೊರಗೆ ಬರುತ್ತದೆ. ಆಮೇಲೆ ಹತ್ತು, ಇಪ್ಪತ್ತು. ಅವು ಬೆಳಕು ಜಾಸ್ತಿ ಇರುವ ಕಡೆಗೆ ಹೋಗುತ್ತವೆ. ಸಾವಿರಾರು ವರ್ಷಗಳಿಂದ ರಾತ್ರಿ ಬೆಳಕು ಜಾಸ್ತಿ ಇದ್ದದ್ದು ಕಡಲಿನ ಕಡೆಗೇ. ನಕ್ಷತ್ರದ ಬೆಳಕು, ನೀರಿನ ಮೇಲಿನ ಹೊಳಪು. ಈಗ ದಡದ ಕಡೆ ಹೈಮಾಸ್ಟ್ ದೀಪ ಇದೆ, ರೆಸಾರ್ಟಿನ ಸೀರಿಯಲ್ ಸೆಟ್ ಇದೆ. ಮರಿ ಆ ಕಡೆ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ರಸ್ತೆಯಲ್ಲಿ, ಗಾಳಿಮರದ ಬುಡದಲ್ಲಿ ಒಣಗಿ ಬಿದ್ದಿರುತ್ತದೆ. ಇಲ್ಲವೇ ನಾಯಿ, ಕಾಗೆ ಬಾಯಿಗೆ ಬೀಳುತ್ತದೆ.

ದೀಪ ಹಾಕಿದವರು ಕೆಟ್ಟವರಲ್ಲ. ಹೆಣ್ಣುಮಕ್ಕಳು ರಾತ್ರಿ ಓಡಾಡಬೇಕು, ಬೀಚು ಚಂದ ಕಾಣಬೇಕು ಎಂದು ಹಾಕಿದ್ದಾರೆ. ಅದೂ ನ್ಯಾಯವೇ. ದೀಪವನ್ನು ಕೆಳಕ್ಕೆ ಬಾಗಿಸಬಹುದು, ಕಡಲ ಕಡೆಗೆ ಮರೆ ಹಾಕಬಹುದು, ಬಿಳಿ ದೀಪದ ಬದಲು ಕೆಂಪು ಇಲ್ಲವೇ ಕಡು ಹಳದಿ ಬಣ್ಣದ್ದು ಹಾಕಬಹುದು. ಇದಕ್ಕೆ ಬರುವ ಖರ್ಚು ಸಣ್ಣದು. ಆದರೆ ಆ ಸಣ್ಣ ಖರ್ಚು ಯಾರದ್ದು ಎಂದು ಯಾರೂ ಮಾತಾಡಿಕೊಂಡಿಲ್ಲ. ಪಂಚಾಯ್ತಿ ಪ್ರವಾಸೋದ್ಯಮ ಇಲಾಖೆಯ ಕಡೆ ನೋಡುತ್ತದೆ, ಇಲಾಖೆ ರೆಸಾರ್ಟಿನ ಕಡೆ ನೋಡುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಒಳ್ಳೆಯ ಬೀಚ್ ಎಂದರೆ ಹೇಗಿರಬೇಕು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಸಮತಟ್ಟು ಮರಳು, ಕಸ ಇಲ್ಲ, ಬೆಂಚು, ದೀಪ. 2020ರಲ್ಲಿ ನಮ್ಮ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಗುರುತು ಅದು. ನೀರಿನ ಗುಣಮಟ್ಟ, ಸುರಕ್ಷತೆ, ಶೌಚಾಲಯ ಎಲ್ಲ ಪರೀಕ್ಷೆ ಮಾಡುತ್ತಾರೆ. ಸಂತೋಷದ ವಿಷಯ, ನಾನೂ ಖುಷಿಪಟ್ಟಿದ್ದೇನೆ. ಆದರೆ ಬರುವ ಪ್ರವಾಸಿ 'ಕ್ಲೀನ್ ಬೀಚ್' ಎಂದು ಮೆಚ್ಚಿಕೊಳ್ಳುವುದು ಬೇರೆ, ಜೀವ ಇರುವ ಬೀಚು ಬೇರೆ. ಅಡುಂಬು ಬಳ್ಳಿಯನ್ನು ಕಳೆ ಎಂದು ಕಿತ್ತರೆ ಮರಳು ನಿಲ್ಲುವುದಿಲ್ಲ. ಟ್ರ್ಯಾಕ್ಟರ್, ಎಟಿವಿ ಬೈಕು ಓಡಿಸಿದರೆ ಮರಳು ಒತ್ತಿ ಗಟ್ಟಿಯಾಗುತ್ತದೆ, ಕೆಳಗಿನ ಮರಿಗೆ ಮೇಲೆ ಬರಲು ಆಗುವುದಿಲ್ಲ. ಏಡಿಗಳ ಬಿಲವೂ ಮುಚ್ಚುತ್ತದೆ. ಕಾಸರಕೋಡಿನಲ್ಲಿ ಬಾವುಟ ಹಾರುವ ಬೀಚೂ, ಆಮೆ ಬರುವ ಟೊಂಕವೂ ಒಂದೇ ಊರಿನ ತೀರ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯಬಾರದು.

ಇನ್ನು ಡಾಲ್ಫಿನ್ ಬೋಟುಗಳು. ಗೋಕರ್ಣದಲ್ಲಿ, ಕಾರವಾರದಲ್ಲಿ, ಆಚೆ ಗೋವಾದಲ್ಲಿ ಇದು ದೊಡ್ಡ ಆದಾಯ. ದಡದ ಹತ್ತಿರ ನಾವು ನೋಡುವುದು ಹೆಚ್ಚಾಗಿ ಗೂನು ಬೆನ್ನಿನ ಡಾಲ್ಫಿನ್, ಇಂಗ್ಲಿಷಿನವರು ಹಂಪ್‌ಬ್ಯಾಕ್ ಅನ್ನುವ ಜಾತಿ. ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಇದಕ್ಕೆ ಆಳ ಕಡಲು ಬೇಡ. ದಡದ ಪಕ್ಕದ ಕಡಿಮೆ ನೀರು, ಅಳಿವೆ ಬಾಯಿ, ಅಲ್ಲೇ ಅದರ ಮನೆ. ನಮ್ಮ ಬೋಟು, ಬಲೆ, ಬಂದರು, ಚರಂಡಿ ನೀರು ಎಲ್ಲವೂ ಅದರ ಮನೆಯೊಳಗೇ. ಹೆಣ್ಣು ಡಾಲ್ಫಿನ್ ಹಲವು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಸದ್ದಿನಿಂದಲೇ ದಾರಿ ಹುಡುಕುವ, ಸದ್ದಿನಿಂದಲೇ ಮೀನು ಹಿಡಿಯುವ ಪ್ರಾಣಿ ಅದು. ನಾಲ್ಕು ಔಟ್‌ಬೋರ್ಡ್ ಎಂಜಿನ್ ಸುತ್ತುವರಿದರೆ ಅದಕ್ಕೆ ಏನೂ ಕೇಳಿಸುವುದಿಲ್ಲ. ಮರಿಗೆ ಹಾಲು ಕೊಡುವುದು, ವಿಶ್ರಾಂತಿ, ಬೇಟೆ ಎಲ್ಲ ನಿಲ್ಲುತ್ತದೆ.

ಬೋಟಿನವರನ್ನು ನಾನು ಬೈಯಲು ಬಂದಿಲ್ಲ. ಅವರಲ್ಲಿ ಹಲವರು ಮೀನುಗಾರರ ಮನೆಯ ಹುಡುಗರು. ಮೀನು ಕಡಿಮೆಯಾಗಿ ಈ ಕೆಲಸಕ್ಕೆ ಬಂದವರೂ ಇದ್ದಾರೆ. ಡಾಲ್ಫಿನ್ ಎಲ್ಲಿ ಏಳುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಆದರೆ 'ಡಾಲ್ಫಿನ್ ಕಾಣದಿದ್ದರೆ ದುಡ್ಡು ವಾಪಸ್' ಎಂದು ಬೋರ್ಡು ಹಾಕಿದ ಮೇಲೆ ಆಟ ಮುಗಿಯಿತು. ಆಮೇಲೆ ಅಟ್ಟಿಸಿಕೊಂಡು ಹೋಗಲೇಬೇಕು. ಅಂದರೆ ಪ್ರವಾಸಿಯ ನಿರಾಸೆಯ ಖರ್ಚನ್ನು ನಾವು ಡಾಲ್ಫಿನ್ ತಲೆಗೆ ಹಾಕಿದ್ದೇವೆ. ಆ ಬೋರ್ಡು ತೆಗೆಯಿರಿ. ಟಿಕೆಟ್ ಕಡಲಿನ ಸುತ್ತಾಟಕ್ಕೆ ಎಂದು ಹೇಳಿ. ಕಂಡರೆ ಕಂಡಿತು. ಎಂಜಿನ್ ನಿಧಾನ ಮಾಡಿ, ಸುಮಾರು ಐವತ್ತು ಮೀಟರ್ ದೂರದಲ್ಲಿ ಅದು ಹೋಗುವ ದಿಕ್ಕಿಗೆ ಸಮನಾಗಿ ಹೋಗಿ. ಎದುರಿನಿಂದ ಅಡ್ಡ ಹಾಕಬೇಡಿ, ಹಿಂದಿನಿಂದ ಓಡಿಸಬೇಡಿ. ಎರಡು ಬೋಟು ಅಲ್ಲಿದ್ದರೆ ಮೂರನೆಯವರು ಕಾಯಬೇಕು. ಇದನ್ನು ಒಬ್ಬರೇ ಪಾಲಿಸಿದರೆ ಅವರಿಗೇ ನಷ್ಟ. ಎಲ್ಲ ಬೋಟಿನವರೂ ಕೂತು ಒಟ್ಟಿಗೆ ಒಪ್ಪಿಕೊಂಡರೆ ಯಾರಿಗೂ ನಷ್ಟವಿಲ್ಲ. ಊರಿನವರೆಲ್ಲ ಸೇರಿ ದಡಕ್ಕೆ ರಾಂಪಣಿ ಬಲೆ ಎಳೆದು ಪಾಲು ಹಂಚಿಕೊಂಡ ಕರಾವಳಿ ಇದು. ಒಟ್ಟಿಗೆ ಕೂತು ನಿಯಮ ಮಾಡಿಕೊಳ್ಳುವುದು ನಮಗೆ ಹೊಸದಲ್ಲ.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಕರೆದುಕೊಂಡು ಹೋಗುವವರಿಗೂ ಒಂದು ಮಾತು. ಮೀನುಗಾರರು ಪೂಜೆ ಸಲ್ಲಿಸುವ ಗುಡ್ಡ ಅದು. ನೀರಿನೊಳಗೆ ಹವಳ ಇದೆ. ಹವಳಕ್ಕೆ ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಇದೆ, ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ. ಅಲ್ಲಿ ಲಂಗರು ಎಸೆದರೆ ಎಷ್ಟೋ ವರ್ಷ ಬೆಳೆದದ್ದು ಒಂದೇ ಏಟಿಗೆ ಮುರಿಯುತ್ತದೆ. ಕಾಯಂ ತೇಲುಬುರುಡೆ ಕಟ್ಟಿ, ಬೋಟುಗಳನ್ನು ಅದಕ್ಕೇ ಬಿಗಿದರೆ ಈ ಪೆಟ್ಟು ತಪ್ಪುತ್ತದೆ. ಗಿರಾಕಿಗಳು ಬಂದು ಹೋಗುತ್ತಾರೆ, ಹವಳ ಹೋದರೆ ನಿಮ್ಮ ಅಂಗಡಿಯ ಬಂಡವಾಳವೇ ಹೋದ ಹಾಗೆ.

ಇನ್ನೊಂದು ಕಡೆಯಿಂದ ನೋಡೋಣ. ನಮ್ಮ ಪತ್ರಿಕೆಗಳಲ್ಲಿ ತಿಮಿಂಗಿಲದ ಸುದ್ದಿ ಯಾವಾಗ ಬರುತ್ತದೆ? 'ತಿಮಿಂಗಿಲ ವಾಂತಿ ಮಾರಾಟ ಯತ್ನ, ಇಷ್ಟು ಜನರ ಬಂಧನ, ಮೌಲ್ಯ ಇಷ್ಟು ಕೋಟಿ'. ಅಂಬರ್‌ಗ್ರಿಸ್ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಆಗುವ ಗಟ್ಟಿ ವಸ್ತು. ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಸುದ್ದಿ ಓದಿದವನ ತಲೆಯಲ್ಲಿ ಉಳಿಯುವುದು ಕೋಟಿಯ ಲೆಕ್ಕ ಮಾತ್ರ. ಆ ಪ್ರಾಣಿ ಏನು ತಿನ್ನುತ್ತದೆ, ನಮ್ಮ ಕಡಲಿನಲ್ಲಿ ಎಲ್ಲಿ ಓಡಾಡುತ್ತದೆ, ಒಂದು ಸಾಲೂ ಇರುವುದಿಲ್ಲ. ಸತ್ತ ತಿಮಿಂಗಿಲ ದಡಕ್ಕೆ ಬಂದರೆ ಊರೆಲ್ಲ ಸೆಲ್ಫಿಗೆ ಓಡುತ್ತದೆ. ಜನರ ಕುತೂಹಲ ತಪ್ಪಲ್ಲ. ಆ ಕುತೂಹಲಕ್ಕೆ ಉತ್ತರ ಕೊಡುವವರು ಅಲ್ಲಿ ಒಬ್ಬರಾದರೂ ಇರಬೇಕಿತ್ತು. ಇಲ್ಲಿ ಕೂತಿರುವ ಪತ್ರಿಕೋದ್ಯಮ ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು ಎಂದು ನನ್ನ ಆಸೆ.

ಈಗ ಮೀನುಗಾರರ ವಿಷಯಕ್ಕೆ ಬರುತ್ತೇನೆ. ಖರ್ಚಿನ ದೊಡ್ಡ ಪಾಲು ಹೊರುವವರು ಅವರೇ. ಆಮೆ ಬಲೆಗೆ ಬಿದ್ದರೆ ಕೂರ್ಮಾವತಾರ ಎಂದು ಕೈಮುಗಿದು ಬಿಡುವವರು ನಮ್ಮಲ್ಲಿ ಇದ್ದಾರೆ. ಮೊಟ್ಟೆ ಅಗೆದು ತಿಂದವರೂ ಇದ್ದರು. ಎರಡೂ ನಿಜ. ಹಾಗಾಗಿ ಪರಂಪರೆಯೊಂದೇ ಕಾಪಾಡುತ್ತದೆ ಎಂದು ಸುಮ್ನೆ ಹೇಳಲು ಆಗುವುದಿಲ್ಲ.

ಮೂರು ಊರುಗಳ ಕತೆ ಹೇಳುತ್ತೇನೆ.

ಮಹಾರಾಷ್ಟ್ರದ ಮಾಲ್ವಣ್. 1987ರಲ್ಲಿ ಅಲ್ಲಿ ಕಡಲ ಅಭಯಾರಣ್ಯ ಘೋಷಣೆಯಾಯಿತು. ಘೋಷಣೆಯಾದದ್ದು ಕಾಗದದ ಮೇಲೆ. ಊರಿನ ಮೀನುಗಾರರಿಗೆ ಕೇಳಿಸಿದ್ದು 'ಇನ್ನು ನೀವು ಬಲೆ ಹಾಕುವ ಹಾಗಿಲ್ಲ' ಎಂದು. ವಿರೋಧ ವರ್ಷಗಟ್ಟಲೆ ನಡೆಯಿತು. ಅಲ್ಲಿನ ಹವಳವನ್ನು ಅವರು ದ್ವೇಷಿಸುತ್ತಿರಲಿಲ್ಲ. ಮುಂದೆ ಅದೇ ಹವಳ ನೋಡಲು ಬಂದ ಪ್ರವಾಸಿಗಳಿಂದ ಅಲ್ಲಿನ ಎಷ್ಟೋ ಮನೆಗಳು ನಡೆದವು. ಅವರು ಹೆದರಿದ್ದು ತಮ್ಮನ್ನು ಕೇಳದೆ ಗೆರೆ ಎಳೆದದ್ದಕ್ಕೆ.

ಎರಡನೆಯದು ಗುಜರಾತಿನ ಸೌರಾಷ್ಟ್ರ ತೀರ. ಲೋಕದ ಅತಿ ದೊಡ್ಡ ಮೀನು ತಿಮಿಂಗಿಲ ಶಾರ್ಕ್. ಯಾರಿಗೂ ಏನೂ ಮಾಡದ, ನೀರು ಸೋಸಿ ತಿನ್ನುವ ಮೀನು. ವೆರಾವಳದ ಕಡೆ ಇದನ್ನು ಮಾಂಸಕ್ಕಾಗಿ, ದೋಣಿಗೆ ಬಳಿಯುವ ಎಣ್ಣೆಗಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನು ಬಂತು. ಬರೀ ಕಾನೂನಿನಿಂದ ಆಗುತ್ತಿರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಅಲ್ಲಿನ ಅರಣ್ಯ ಇಲಾಖೆ ಅಭಿಯಾನ ಶುರು ಮಾಡಿದಾಗ ರಾಮಕಥೆ ಹೇಳುವ ಪ್ರವಚನಕಾರ ಮೊರಾರಿ ಬಾಪು ಅದರ ಮುಖವಾದರು. ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳು, ಅವಳನ್ನು ಕೊಲ್ಲುತ್ತೀರಾ ಎಂಬ ಮಾತು ಊರೂರಿಗೆ ಹೋಯಿತು. ಮಾತು ಮನಸ್ಸಿಗೆ ತಾಗಿತು. ಇದರ ಜೊತೆಗೆ ಇನ್ನೊಂದು ಕೆಲಸವೂ ನಡೆಯಿತು, ಅದನ್ನು ನಾವು ಮರೆಯುತ್ತೇವೆ. ಶಾರ್ಕ್ ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ ಪರಿಹಾರ ಕೊಡುವ ವ್ಯವಸ್ಥೆ ಬಂತು. ಕತ್ತರಿಸಿದ್ದಕ್ಕೆ ಸಾಕ್ಷಿಯಾಗಿ ಅವನೇ ಫೋಟೊ ತೆಗೆದು ಕೊಡುವ ಹಾಗೆ ಕ್ಯಾಮೆರಾ ಕೊಟ್ಟರು. ಅವನ ಮಾತನ್ನು ನಂಬಿದರು. ಅಂದಿನಿಂದ ಅಲ್ಲಿ ನೂರಾರು ಶಾರ್ಕ್‌ಗಳನ್ನು ಮೀನುಗಾರರೇ ಬಿಟ್ಟಿದ್ದಾರೆ. ಮಹಾರಾಷ್ಟ್ರವೂ 2018ರಲ್ಲಿ ಇಂಥದ್ದೇ ಯೋಜನೆ ತಂದಿತು. ರಕ್ಷಿತ ಪ್ರಾಣಿಗಾಗಿ ಬಲೆ ಕತ್ತರಿಸಿದರೆ 25,000 ರೂಪಾಯಿವರೆಗೆ ಪರಿಹಾರ.

ಒಂದು ಬಲೆಯ ಬೆಲೆ ಎಷ್ಟು ಎಂದು ಇಲ್ಲಿನ ಬೋಟಿನವರಿಗೆ ನಾನು ಹೇಳಬೇಕಾಗಿಲ್ಲ. ಆ ಬಲೆಯನ್ನು ಸ್ವಂತ ಕೈಯಿಂದ ಕುಯ್ಯುವುದು ಎಂದರೆ ಏನು ಎಂದು ಬೆಂಗಳೂರಿನಿಂದ ಬಂದು ಆಮೆಮರಿಯ ಫೋಟೊ ಹಾಕುವವರಿಗೆ ತಿಳಿಯಬೇಕು. ಇಂಥ ಪರಿಹಾರ ನಮ್ಮ ಪ್ರತಿಯೊಂದು ಮೀನುಗಾರಿಕೆ ಬಂದರಿನಲ್ಲೂ ಗಟ್ಟಿಯಾಗಿ ಇರಬೇಕು. ದುಡ್ಡು ಬೇಗ ಕೈಗೆ ಬರಬೇಕು. ಕಚೇರಿಯಿಂದ ಕಚೇರಿಗೆ ಅಲೆಸಿದರೆ ಮುಂದಿನ ಸಲ ಅವನು ಬಲೆ ಕತ್ತರಿಸುವುದಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಕತ್ತರಿಸುತ್ತಿರಲಿಲ್ಲ.

ಮೂರನೆಯದು ವೇಳಾಸ್. ರತ್ನಾಗಿರಿ ಜಿಲ್ಲೆಯ ಸಣ್ಣ ಹಳ್ಳಿ, ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರ ಮೂಲ ಊರು. ಅಲ್ಲಿ ಆಮೆ ಮೊಟ್ಟೆ ಕದಿಯುವುದು ಮಾಮೂಲಾಗಿತ್ತು. 2002ರಲ್ಲಿ ಚಿಪ್ಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ, ಭಾವೂ ಕಾಟದರೆ ಅವರ ಮುಂದಾಳ್ತನದಲ್ಲಿ, ಊರಿನವರ ಜೊತೆ ಗೂಡು ಕಾಯಲು ಶುರು ಮಾಡಿತು. ಕೆಲವು ವರ್ಷಗಳ ನಂತರ ಮರಿ ಬಿಡುವುದನ್ನು ನೋಡಲು ಜನರನ್ನು ಕರೆದರು, ಅದೇ ಕಾಸವ್ ಮಹೋತ್ಸವ, ಅಂದರೆ ಆಮೆ ಹಬ್ಬ. ರೆಸಾರ್ಟ್ ಕಟ್ಟಲಿಲ್ಲ. ಬಂದವರು ಊರಿನವರ ಮನೆಯಲ್ಲೇ ಉಳಿಯುತ್ತಾರೆ, ಅವರ ಅಡುಗೆ ಉಣ್ಣುತ್ತಾರೆ. ಬೆಳಗ್ಗೆ ಮತ್ತು ಸಂಜೆ ಮರಿ ಬಿಡುತ್ತಾರೆ. ಹಗ್ಗ ಕಟ್ಟಿರುತ್ತಾರೆ, ಅದರ ಆಚೆ ನಿಂತು ನೋಡಬೇಕು. ಮರಿ ಮುಟ್ಟುವ ಹಾಗಿಲ್ಲ. ಗೂಡಿನಲ್ಲಿ ಮರಿ ಹೊರಬರದ ದಿನ ನೋಡಲು ಏನೂ ಇರುವುದಿಲ್ಲ, ಹಾಗೇ ವಾಪಸ್ ಹೋಗಬೇಕು. ಆದರೂ ಮುಂದಿನ ವರ್ಷ ಜನ ಬರುತ್ತಾರೆ. ನಿಯಮ ಹೇಳುವವರು ಯಾರು? ರೂಮು ಕೊಟ್ಟ ಮನೆಯವರೇ. ಆಮೆ ಉಳಿದರೆ ಅವರ ಒಲೆ ಉರಿಯುತ್ತದೆ.

ನಮ್ಮಲ್ಲಿ ಏನಿದೆ? ತುಂಬ ಇದೆ. ಗೂಡಿನ ಸುಳಿವು ಕೊಡುವ ಮೀನುಗಾರರಿದ್ದಾರೆ, ಬೇಲಿ ಕಟ್ಟಿ ರಾತ್ರಿ ಕಾಯುವ ಅರಣ್ಯ ಸಿಬ್ಬಂದಿ ಇದ್ದಾರೆ, ಹೊನ್ನಾವರದಲ್ಲಿ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿಧಾಮ ಬಂದಿದೆ. ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ಹೋರಾಡಿದ ಮೀನುಗಾರ ಕುಟುಂಬಗಳು, ಇಲ್ಲಿ ಆಮೆ ಮೊಟ್ಟೆ ಇಡುತ್ತದೆ ಎಂಬುದನ್ನೂ ಮುಂದಿಟ್ಟರು. ಇದನ್ನು ನಾನು ತುಂಬ ದೊಡ್ಡ ವಿಷಯ ಎಂದು ತಿಳಿದಿದ್ದೇನೆ. ತಮ್ಮ ಮನೆಯ ಜೊತೆಗೆ ಆಮೆಯ ಗೂಡನ್ನೂ ಸೇರಿಸಿ ವಾದಿಸಿದರು. ಸಂರಕ್ಷಣೆ ಎಂದರೆ ಮೀನುಗಾರರ ವಿರೋಧಿ ಎಂದು ನಗರದಲ್ಲಿ ಕೂತು ಹೇಳುವವರು ಟೊಂಕಕ್ಕೆ ಒಮ್ಮೆ ಬರಬೇಕು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಹೋಮ್‌ಸ್ಟೇ ನಡೆಸುವ ಒಬ್ಬರು ಕೇಳಿದರು: 'ರಾತ್ರಿ ಬೀಚಿಗೆ ಹೋಗಬೇಡಿ, ಲೈಟ್ ಹಾಕಬೇಡಿ ಎಂದರೆ ಗೆಸ್ಟ್ ಬೇರೆ ಕಡೆ ಹೋಗುತ್ತಾರೆ ಅಲ್ವಾ?' ಕೆಲವರು ಹೋಗುತ್ತಾರೆ, ಸುಳ್ಳು ಹೇಳುವುದಿಲ್ಲ. ಆದರೆ ಹೇಳುವ ಹೊತ್ತು ಮುಖ್ಯ. ಕುಡಿದು ಕುಣಿಯುವ ಹೊತ್ತಿನಲ್ಲಿ ಹೋಗಿ ಬೇಡ ಎಂದರೆ ಜಗಳ. ಬುಕಿಂಗ್ ಮಾಡುವಾಗಲೇ ಹೇಳಿ: ಇದು ಆಮೆ ಬರುವ ತೀರ, ಹತ್ತು ಗಂಟೆಯ ನಂತರ ಕಡಲ ಕಡೆಯ ದೀಪ ಆರಿಸುತ್ತೇವೆ, ಪಟಾಕಿ ಇಲ್ಲ. ಆಮೇಲೆ ಬರುವವರು ಒಪ್ಪಿಕೊಂಡೇ ಬರುತ್ತಾರೆ. ಒಂದು ಬೀಚಿನ ಎಲ್ಲ ಹೋಮ್‌ಸ್ಟೇಗಳೂ ಒಂದೇ ಮಾತು ಹೇಳಬೇಕು. ಪಕ್ಕದವರು ಬೇರೆ ಹೇಳಿದರೆ ಪ್ರಯೋಜನವಿಲ್ಲ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: 'ಮಳೆಗಾಲದಲ್ಲಿ ಗಾಯಗೊಂಡ ಆಮೆ ದಡಕ್ಕೆ ಬರುತ್ತದೆ. ನಾವು ನೀರಿಗೆ ಬಿಡಬೇಕಾ?' ಬಿಡಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಸುಸ್ತಾದ ಆಮೆ ಉಸಿರಾಡಲು ತಲೆ ಎತ್ತಲಾರದೆ ನೀರಿನಲ್ಲಿ ಮುಳುಗಿ ಸಾಯುತ್ತದೆ. ಆಮೆ ಗಾಳಿ ಉಸಿರಾಡುವ ಪ್ರಾಣಿ. ಕತ್ತು ಕಾಲಿಗೆ ಬಲೆ ಸುತ್ತಿದ್ದರೆ ಎಳೆಯಬೇಡಿ. ನೆರಳು ಮಾಡಿ, ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮೂಗಿನ ಮೇಲೆ ಬೇಡ. ನಾಯಿಗಳನ್ನು, ಜನರನ್ನು ದೂರ ಇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಜಾಗದ ಹೆಸರು ಸರಿಯಾಗಿ ಹೇಳಿ. ಅವರು ಬರುವವರೆಗೆ ಒಬ್ಬರಾದರೂ ಅಲ್ಲೇ ಇರಿ.